ದಾರಿ ತೋರುವ ಆ್ಯಪ್ ಬಾಗಿಲನ್ನೂ ತೋರಲಿ

ಕಳೆದ ಮಳೆಗಾಲ ಮುಗಿದ ಬಳಿಕ ಒಂದು ದಿನ ನನ್ನ ತಾಯಿಯವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ಬದಿಯಡ್ಕದ ಸಮೀಪದ ನಮ್ಮ ಮನೆಯಿಂದ ಕುಂಬಳೆಗೆ ಬಂದು, ಅಲ್ಲಿಂದ ಹೆದ್ದಾರಿ ಹಿಡಿದು ಉಪ್ಪಳ, ಮಂಜೇಶ್ವರ, ತಲಪಾಡಿಗಳನ್ನು ದಾಟಿ ಸಾಗುವ ದಾರಿ ಅದು. ಅಮ್ಮನಿಗೆ ಎಪ್ಪತ್ತನಾಲ್ಕು ವರ್ಷ. ಮೊಣಕಾಲಿನ ನೋವು ಹಳೆಯದು. ಊರುಗೋಲಿಲ್ಲದೆ ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ. ಬೆಳಗಿನ ಗಂಜಿಯ ಜತೆಗೆ ನೀರಿನ ಲೋಟವನ್ನು ಮುಂದಿಟ್ಟಾಗ ಅವರು ಅದನ್ನು ಬದಿಗೆ ಸರಿಸಿದರು. "ನೀರು ಬೇಡ. ಮತ್ತೆ ದಾರಿಯಲ್ಲಿ ಎಲ್ಲಿಗೆ ಹೋಗುವುದು?" ಎಂದರು. ಗುಳಿಗೆ ನುಂಗಲು ಬೇಕಾದ ಒಂದು ಗುಟುಕನ್ನುಳಿದು ಅವರು ಬೇರೇನನ್ನೂ ಕುಡಿಯಲಿಲ್ಲ.

ಅರ್ಧ ದಾರಿಯಲ್ಲಿ ಅವರಿಗೆ ಅನಿವಾರ್ಯವಾಯಿತು. ನನ್ನ ಮೊಬೈಲಿನಲ್ಲಿ ಸಾರ್ವಜನಿಕ ಸೌಲಭ್ಯಗಳನ್ನು ಹುಡುಕಿಕೊಡುವ ಆ್ಯಪ್ ಒಂದಿತ್ತು. ತೆರೆದು ನೋಡಿದೆ. ಸ್ವಲ್ಪವೇ ಮುಂದೆ ಶೌಚಾಲಯವಿದೆ ಎಂದು ನೀಲಿ ಚುಕ್ಕೆ ತೋರಿಸಿತು. ಕಾರನ್ನು ಅತ್ತ ತಿರುಗಿಸಿದೆವು. ಕಟ್ಟಡ ಅಲ್ಲಿಯೇ ಇತ್ತು. ಅದರ ಮುಂದೆ ಹಿಡಿಕಂಬಿಯಿಲ್ಲದ ಮೂರು ಎತ್ತರದ ಮೆಟ್ಟಿಲುಗಳಿದ್ದವು. ಬಾಗಿಲಿಗೆ ಬೀಗ ಬಿದ್ದಿತ್ತು. ಕೀಲಿಕೈ ಯಾರಲ್ಲಿದೆ ಎಂದು ಕೇಳಲು ಸುತ್ತಮುತ್ತ ಯಾರೂ ಇರಲಿಲ್ಲ. ಅಮ್ಮ ಕಾರಿನಿಂದ ಇಳಿಯಲೇ ಇಲ್ಲ. "ಪರವಾಗಿಲ್ಲ, ಹೋಗುವ" ಎಂದಷ್ಟೇ ಹೇಳಿ, ಮಂಗಳೂರು ಮುಟ್ಟುವವರೆಗೂ ಕಣ್ಣುಮುಚ್ಚಿ ಕುಳಿತರು.

ಆ್ಯಪ್ ಸುಳ್ಳು ಹೇಳಿರಲಿಲ್ಲ. ಶೌಚಾಲಯ ಎಲ್ಲಿದೆ ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಆದರೆ ನನ್ನ ತಾಯಿಗೆ ಬೇಕಾಗಿದ್ದ ಉತ್ತರ ಬೇರೆಯದಾಗಿತ್ತು: ಅಲ್ಲಿಗೆ ಹೋದರೆ ನಾನು ಒಳಹೋಗಬಲ್ಲೆನೆ? ಸಾರ್ವಜನಿಕ ಸೌಲಭ್ಯಗಳ ಆ್ಯಪ್‌ಗಳನ್ನು ಹೊಸದಾಗಿ ರೂಪಿಸುವಾಗ ಆರಂಭಿಸಬೇಕಾದುದು ಈ ಎರಡನೆಯ ಪ್ರಶ್ನೆಯಿಂದ ಎಂಬುದು ನನ್ನ ವಿನಮ್ರ ಅಭಿಪ್ರಾಯ. ಕಣ್ಣು, ಕಾಲು, ಕೈಗಳೆಲ್ಲ ಚೆನ್ನಾಗಿರುವ ಪ್ರಯಾಣಿಕನು ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದನ್ನು ಹುಡುಕಿಕೊಳ್ಳುತ್ತಾನೆ. ತಪ್ಪು ಮಾಹಿತಿಯ ಬೆಲೆಯನ್ನು ತೆರಬೇಕಾದವರು ವೃದ್ಧರು, ಗರ್ಭಿಣಿಯರು, ಭಿನ್ನ ಸಾಮರ್ಥ್ಯದ ಮಕ್ಕಳು ಮತ್ತು ಅವರನ್ನು ಎತ್ತಿಕೊಂಡು ತಿರುಗುವ ತಾಯಂದಿರು.

ಚುಕ್ಕೆಯಾಚೆಗಿನ ಮಾಹಿತಿ

ಈ ವಿಚಾರದಲ್ಲಿ ಬಹಳ ಹಿಂದೆಯೇ ಹೆಜ್ಜೆಯಿಟ್ಟ ದೇಶ ಆಸ್ಟ್ರೇಲಿಯ. ಅಲ್ಲಿನ ಕೇಂದ್ರ ಸರಕಾರವು 2001ರಲ್ಲಿಯೇ ರಾಷ್ಟ್ರೀಯ ಸಾರ್ವಜನಿಕ ಶೌಚಾಲಯ ನಕ್ಷೆಯನ್ನು ಜನರ ಮುಂದಿಟ್ಟಿತು. ಮೂತ್ರ ನಿಯಂತ್ರಣದ ತೊಂದರೆಯಿರುವವರು ಮನೆಯಿಂದ ಹೊರಗೆ ಬರಲು ಅಂಜಿ ನಾಲ್ಕು ಗೋಡೆಗಳೊಳಗೆ ಉಳಿಯಬಾರದೆಂಬ ಆರೋಗ್ಯ ಯೋಜನೆಯ ಅಂಗವಾಗಿ ಅದು ಹುಟ್ಟಿತು. 19 ಸಾವಿರಕ್ಕೂ ಹೆಚ್ಚು ಶೌಚಾಲಯಗಳ ವಿವರ ಅದರಲ್ಲಿದೆ. ಬಾಗಿಲು ತೆರೆದಿರುವ ವೇಳೆ, ಗಾಲಿಕುರ್ಚಿಗೆ ದಾರಿಯಿದೆಯೇ, ವಾಹನ ನಿಲ್ಲಿಸಲು ಜಾಗವಿದೆಯೇ, ಮಗುವಿನ ಬಟ್ಟೆ ಬದಲಿಸಲು ಅನುಕೂಲವಿದೆಯೇ, ಬೀಗ ಹಾಕಿದ್ದರೆ ಭಿನ್ನ ಸಾಮರ್ಥ್ಯದವರಿಗೆ ಕೊಡಲಾಗುವ ವಿಶೇಷ ಕೀಲಿಕೈಯಿಂದ ತೆರೆಯಬಹುದೇ ಎಂಬ ವಿವರಗಳನ್ನೂ ಅಲ್ಲಿ ಕಾಣಬಹುದು. ಹೊರಡುವ ಊರು, ತಲಪುವ ಊರುಗಳನ್ನು ತಿಳಿಸಿದರೆ ದಾರಿಯುದ್ದಕ್ಕೂ ಇರುವ ಶೌಚಾಲಯಗಳನ್ನು ಮೊದಲೇ ಪಟ್ಟಿಮಾಡಿಕೊಳ್ಳುವ ಏರ್ಪಾಡೂ ಇದೆ. ನೀರಿನ ಲೋಟವನ್ನು ಬದಿಗೆ ಸರಿಸುವವರ ಮನಸ್ಸನ್ನು ಅರಿತವರು ಮಾಡಿದ ಏರ್ಪಾಡಿದು.

ಜರ್ಮನಿಯ ಬರ್ಲಿನ್ ನಗರದಲ್ಲಿ 2010ರಲ್ಲಿ ಆರಂಭವಾದ 'ವೀಲ್‌ಮ್ಯಾಪ್' ಇನ್ನೊಂದು ಮಾದರಿ. ಇದನ್ನು ಸರಕಾರವಲ್ಲ, ಜನರೇ ತುಂಬಿಸುತ್ತಾರೆ. ಗಾಲಿಕುರ್ಚಿಯಲ್ಲಿ ಪೂರ್ಣವಾಗಿ ಹೋಗಬಹುದಾದ ಸ್ಥಳಕ್ಕೆ ಹಸಿರು, ಭಾಗಶಃ ಹೋಗಬಹುದಾದುದಕ್ಕೆ ಕಿತ್ತಳೆ, ಹೋಗಲಾಗದುದಕ್ಕೆ ಕೆಂಪು, ಇನ್ನೂ ಯಾರೂ ಪರೀಕ್ಷಿಸದ ಸ್ಥಳಕ್ಕೆ ಬೂದು ಬಣ್ಣ. ಇಲ್ಲಿ ಮೆಚ್ಚಬೇಕಾದುದು ಅಳತೆಯ ಖಚಿತತೆ. ಬಾಗಿಲಲ್ಲಿ ಮೆಟ್ಟಿಲೇ ಇಲ್ಲದಿದ್ದರೆ ಒಂದು ವರ್ಗ, ಸುಮಾರು 7 ಸೆಂಟಿಮೀಟರ್ ಎತ್ತರದ, ಎಂದರೆ ಒಂದು ಅಂಗೈಯಗಲದ ಒಂದೇ ಮೆಟ್ಟಿಲಿದ್ದರೆ ಇನ್ನೊಂದು ವರ್ಗ. ಅಳತೆಪಟ್ಟಿಯಿಲ್ಲದವನೂ ಅಂಗೈಯನ್ನು ಒಡ್ಡಿ ನೋಡಿ ದಾಖಲಿಸಬಹುದು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದೇ ಬೂದು ಬಣ್ಣದಿಂದ ಹೇಳುವ ಪ್ರಾಮಾಣಿಕತೆಯೂ ಗಮನಾರ್ಹ.

ನಮ್ಮ ದೇಶದಲ್ಲಿಯೂ ಪ್ರಯತ್ನಗಳು ನಡೆದಿವೆ. 2016ರ ಡಿಸೆಂಬರಿನಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಸಹಯೋಗದಿಂದ ಗೂಗಲ್ ನಕ್ಷೆಯಲ್ಲಿ ಶೌಚಾಲಯ ಹುಡುಕುವ ಸೌಲಭ್ಯವು ದಿಲ್ಲಿ ಪರಿಸರದಲ್ಲಿಯೂ ಮಧ್ಯಪ್ರದೇಶದ ಇಂದೋರ್, ಭೋಪಾಲ್‌ಗಳಲ್ಲಿಯೂ ಆರಂಭಗೊಂಡಿತು. 2021ರ ಮಾರ್ಚಿನಲ್ಲಿ ಬಂದ 'ಸುಗಮ್ಯ ಭಾರತ' ಆ್ಯಪ್ ಮೂಲಕ, ಭಿನ್ನ ಸಾಮರ್ಥ್ಯದವರು ಒಳಹೋಗಲಾಗದ ಸಾರ್ವಜನಿಕ ಕಟ್ಟಡಗಳ ಚಿತ್ರ ತೆಗೆದು ದೂರು ಸಲ್ಲಿಸಬಹುದು. ಕೇರಳದಲ್ಲಿ 'ಟೇಕ್ ಎ ಬ್ರೇಕ್' ಎಂಬ ಹೆಸರಿನಲ್ಲಿ ಸ್ಥಳೀಯಾಡಳಿತ ಸಂಸ್ಥೆಗಳು ದಾರಿಬದಿಯ ವಿಶ್ರಾಂತಿ ಕೇಂದ್ರಗಳನ್ನು ನಿರ್ಮಿಸಿವೆ. ಹೀಗೆ ಕಟ್ಟಡಗಳು ಹೆಚ್ಚುತ್ತಿರುವಾಗ ಅವುಗಳ ಬಾಗಿಲವರೆಗೆ ಜನರನ್ನು ಮುಟ್ಟಿಸುವ ಮಾಹಿತಿಯೂ ಅಷ್ಟೇ ಅಚ್ಚುಕಟ್ಟಾಗಿರಬೇಡವೇ?

ತರಗತಿಯಲ್ಲೊಂದು ಕಾಗದದ ಆ್ಯಪ್

ಈ ಪ್ರಶ್ನೆಯನ್ನು ನಾನು ಪಾಠ ಹೇಳುವ ಪ್ರೌಢಶಾಲೆಯ 'ಲಿಟಲ್ ಕೈಟ್ಸ್' ಮಕ್ಕಳ ಮುಂದಿಟ್ಟೆ. ಕೇರಳದ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ ಕಲಿಯುವ ಮಕ್ಕಳ ಈ ಕೂಟಗಳು ನಮ್ಮ ಓದುಗರಿಗೆ ಪರಿಚಿತವೇ. ಕಂಪ್ಯೂಟರಿನ ಮುಂದೆ ಕೂರುವುದಕ್ಕೆ ಮೊದಲು ಕಾಗದದಲ್ಲೇ ಒಂದು ಆ್ಯಪ್ ರಚಿಸೋಣವೆಂದೆ. ಮೊಬೈಲಿನ ಅಳತೆಗೆ ರಟ್ಟನ್ನು ಕತ್ತರಿಸಿ, ಒಂದೊಂದು ಪರದೆಯನ್ನು ಒಂದೊಂದು ಹಾಳೆಯಲ್ಲಿ ಬಿಡಿಸಿ, ಒಬ್ಬ ಹುಡುಗ ತಾನೇ 'ಮೊಬೈಲ್' ಆಗಿ ಕುಳಿತ. ಎದುರು ಕುಳಿತವರು ಯಾವ ಚಿತ್ರವನ್ನು ಮುಟ್ಟುತ್ತಾರೋ ಅದಕ್ಕೆ ತಕ್ಕ ಮುಂದಿನ ಹಾಳೆಯನ್ನು ಅವನು ತೆಗೆದಿಡಬೇಕು. ಆ್ಯಪ್ ರೂಪಿಸುವ ವೃತ್ತಿಪರರೂ ಮೊದಲ ಹಂತದಲ್ಲಿ ಅನುಸರಿಸುವ ವಿಧಾನವಿದು. ಕಾಗದವನ್ನು ಹರಿದು ಬೇರೆ ಬರೆಯಲು ಖರ್ಚಿಲ್ಲ. ಪೂರ್ತಿಗೊಂಡ ಆ್ಯಪನ್ನು ತಿದ್ದುವುದು ಅಷ್ಟು ಸುಲಭವಲ್ಲ.

ಪರೀಕ್ಷೆಗೆ ಮೂವರನ್ನು ಶಾಲೆಗೆ ಆಹ್ವಾನಿಸಿದೆವು: ನನ್ನ ತಾಯಿ, ದೃಷ್ಟಿ ಕಳೆದುಕೊಂಡ ನೆರೆಮನೆಯ ಹಿರಿಯರೊಬ್ಬರು, ಹಾಗೂ ಗಾಲಿಕುರ್ಚಿ ಬಳಸುವ ಹದಿನಾಲ್ಕು ವರ್ಷದ ಮಗಳನ್ನು ಬಡ್ಸ್ ಶಾಲೆಗೆ ಕಳುಹಿಸುವ ತಾಯಿಯೊಬ್ಬರು. ಮಕ್ಕಳಿಗೆ ಒಂದೇ ನಿಯಮ. ಬಳಸುವವರಿಗೆ ಏನನ್ನೂ ಹೇಳಿಕೊಡಬಾರದು, ನೋಡಿ ಬರೆದುಕೊಳ್ಳಬೇಕು.

ಮಕ್ಕಳು ಮೊದಲ ಪರದೆಯಲ್ಲಿ ಹನ್ನೊಂದು ಚಂದದ ಚಿತ್ರಗಳನ್ನು ಬಿಡಿಸಿದ್ದರು. ಕೆಳಗೆ ಹೆಸರುಗಳಿರಲಿಲ್ಲ. ನನ್ನ ತಾಯಿ ಬಹಳ ಹೊತ್ತು ನೋಡಿ, ನೀರಿನ ಹನಿಯ ಚಿತ್ರವನ್ನು ಶೌಚಾಲಯವೆಂದು ಭಾವಿಸಿ ಮುಟ್ಟಿದರು. 'ಮೊಬೈಲ್' ಹುಡುಗ ಕುಡಿಯುವ ನೀರಿನ ಹಾಳೆಯನ್ನು ತೆಗೆದಿಟ್ಟ. ಮಕ್ಕಳು ನಗಲಿಲ್ಲ; ಬರೆದುಕೊಂಡರು. ಎರಡನೆಯ ಸಲ ಅದೇ ಪರದೆಯಲ್ಲಿ ನಾಲ್ಕೇ ಸಾಲುಗಳಿದ್ದವು: ಶೌಚಾಲಯ, ಕುಡಿಯುವ ನೀರು, ಆಸ್ಪತ್ರೆ, ಬಸ್ ತಂಗುದಾಣ. ಪ್ರತಿಯೊಂದರ ಪಕ್ಕದಲ್ಲಿ ಚಿತ್ರ, ದಪ್ಪ ಅಕ್ಷರದಲ್ಲಿ ಹೆಸರು. ಉಳಿದ ಏಳು 'ಇನ್ನಷ್ಟು' ಎಂಬ ಸಾಲಿನೊಳಗೆ ಸೇರಿಕೊಂಡವು.

ಮುಂದಿನ ಪರದೆಯಲ್ಲಿ ನಕ್ಷೆಯಿತ್ತು. ಅಮ್ಮನಿಗೆ ನಕ್ಷೆ ಓದುವ ಅಭ್ಯಾಸವಿಲ್ಲ. "ಇದು ಪೇಟೆಯ ಯಾವ ಬದಿ? ಅಂಚೆ ಕಚೇರಿ ದಾಟಿಯೋ, ಈಚೆಯೋ?" ಎಂದು ಕೇಳಿದರು. ಆದುದರಿಂದ ನಕ್ಷೆ ಎರಡನೆಯ ಸ್ಥಾನಕ್ಕೆ ಸರಿದು, ಪಟ್ಟಿ ಮೊದಲ ಸ್ಥಾನಕ್ಕೆ ಬಂತು. ಆ ಪಟ್ಟಿಯಲ್ಲಿ ದೂರದ ಜತೆಗೆ ಗುರುತು ಕೂಡ ಇತ್ತು: "200 ಮೀಟರ್. ಅಂಚೆ ಕಚೇರಿ ದಾಟಿ, ಎಡಬದಿ." ಊರಿನವರು ಊರಿನವರಿಗೆ ದಾರಿ ಹೇಳುವುದು ಹೀಗೆಯೇ ಅಲ್ಲವೇ?

ದೃಷ್ಟಿಯಿಲ್ಲದ ಹಿರಿಯರ ಸರದಿ ಬಂದಾಗ 'ಮೊಬೈಲ್' ಹುಡುಗ ಪರದೆಯಲ್ಲಿರುವುದನ್ನು ಇದ್ದಂತೆಯೇ ಓದಿ ಹೇಳಬೇಕಾಗಿತ್ತು. ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಮಾಡುವುದೂ ಇದನ್ನೇ. ಕೆಲವು ಚಿಹ್ನೆಗಳಿಗೆ ಹೆಸರು ಕೊಡಲು ಮಕ್ಕಳು ಇನ್ನೂ ಮರೆತಿದ್ದರು. ಹುಡುಗ ಪ್ರಾಮಾಣಿಕವಾಗಿ ಓದಿದ: "ಚಿತ್ರ, ಗುಂಡಿ, ಗುಂಡಿ, ಚಿತ್ರ, ಗುಂಡಿ." ಹಿರಿಯರು ನಕ್ಕು, "ಗುಂಡಿಗೆ ಬೀಳುವುದು ಹೇಗೂ ಇದ್ದದ್ದೇ ಮಕ್ಕಳೇ, ಅದರ ಹೆಸರಾದರೂ ಹೇಳಿ" ಎಂದರು. ಅವರು ಇನ್ನೊಂದು ಮಾತನ್ನೂ ಹೇಳಿದರು. ಕಣ್ಣಿದ್ದವನು ಪರದೆಯನ್ನು ಒಂದೇ ನೋಟದಲ್ಲಿ ಗ್ರಹಿಸುತ್ತಾನೆ. ಕೇಳುವವನಿಗೆ ಒಂದೊಂದೇ ಮಾತು ಸರದಿಯಲ್ಲಿ ಬರಬೇಕು. ಹಾಗಾಗಿ ಬಹುಮುಖ್ಯವಾದುದು ಮೊದಲು ಬರಲಿ: ಈಗ ತೆರೆದಿದೆಯೇ, ಎಷ್ಟು ದೂರ, ಯಾವ ಬದಿ. ಅಲಂಕಾರದ ಮಾತುಗಳೆಲ್ಲ ಆ ಬಳಿಕ.

ಬಡ್ಸ್ ಶಾಲೆಯ ಹುಡುಗಿಯ ತಾಯಿ ಗಾಲಿಕುರ್ಚಿಯ ಚಿಹ್ನೆಯನ್ನು ನೋಡಿ ತಲೆಯಾಡಿಸಲಿಲ್ಲ. ಮಕ್ಕಳು ಅದರ ಕೆಳಗೆ 'ವಿಕಲಚೇತನ ಸ್ನೇಹಿ' ಎಂದು ಬರೆದು ಸರಿಗುರುತು ಹಾಕಿದ್ದರು. ಅವರು ಕೇಳಿದರು: "ಕುರ್ಚಿ ಬಾಗಿಲೊಳಗೆ ಹೋಗುತ್ತದೆ, ಸರಿ. ಒಳಗೆ ತಿರುಗುತ್ತದೆಯೇ? ನನ್ನ ಮಗಳು ಈಗ ದೊಡ್ಡವಳು. ಬಟ್ಟೆ ಬದಲಿಸಬೇಕಾದರೆ ಮಲಗಿಸಲು ಜಾಗ ಉಂಟೇ? ಅವಳನ್ನು ಎತ್ತಲು ನನ್ನೊಬ್ಬಳಿಂದ ಆಗುವುದಿಲ್ಲ. ಅವಳ ಅಪ್ಪ ಹೆಂಗಸರ ಬದಿಗೆ ಬರಬಹುದೇ?" ಆ ತರಗತಿಯಲ್ಲಿ ಕೆಲವು ಕ್ಷಣ ಯಾರೂ ಮಾತನಾಡಲಿಲ್ಲ.

ಅವರ ಪ್ರಶ್ನೆಗಳು ಒಬ್ಬರ ಪ್ರಶ್ನೆಗಳಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಲ್ಪಟ್ಟ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ, ಬೆಳೆದ ಮಕ್ಕಳನ್ನು ಎತ್ತಿಕೊಂಡೇ ಆಸ್ಪತ್ರೆಗೆ, ಕಚೇರಿಗೆ ಹೋಗಿಬರುವ ತಾಯಂದಿರನ್ನು ನಾವೆಲ್ಲರೂ ಬಲ್ಲೆವು. ಬ್ರಿಟನ್ನಿನಲ್ಲಿ 'ಚೇಂಜಿಂಗ್ ಪ್ಲೇಸಸ್' ಎಂಬ ಚಳುವಳಿ ಹುಟ್ಟಿದುದು ಇಂತಹ ಕುಟುಂಬಗಳ ಅಗತ್ಯದಿಂದಲೇ. ದೊಡ್ಡವರನ್ನೂ ಮಲಗಿಸಬಹುದಾದ ಪೀಠ, ಎತ್ತುವ ಉಪಕರಣ, ಜತೆಗಿರುವವರು ನಿಲ್ಲುವಷ್ಟು ಸ್ಥಳ ಇರುವ ಕೊಠಡಿಗಳು ಅವು. ಆಸ್ಟ್ರೇಲಿಯದ ನಕ್ಷೆಯೂ ಇಂತಹ ಕೊಠಡಿಗಳನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ನಮ್ಮಲ್ಲಿ ಅವು ಇಲ್ಲದಿದ್ದರೆ ಇಲ್ಲವೆಂದಾದರೂ ಆ್ಯಪ್ ಹೇಳಬೇಕು; ಆಗ ಆ ತಾಯಿ ಅದಕ್ಕೆ ತಕ್ಕಂತೆ ಸಿದ್ಧಳಾಗಿ ಹೊರಡುತ್ತಾಳೆ.

ಮಕ್ಕಳು 'ಸ್ನೇಹಿ' ಎಂಬ ಪದವನ್ನು ಹೊಡೆದುಹಾಕಿದರು. ಅದರ ಬದಲಿಗೆ ಅಳತೆಗಳನ್ನು ಬರೆದರು. ಬಾಗಿಲಿನ ಅಗಲ 90 ಸೆಂಟಿಮೀಟರ್ ಇದೆಯೇ? ಒಳಗೆ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಖಾಲಿ ಜಾಗವಿದೆಯೇ? ವೀಲ್‌ಮ್ಯಾಪಿನವರು ಶೌಚಾಲಯಗಳಿಗೆ ಇಟ್ಟುಕೊಂಡ ಅಳತೆಗಳೂ ಇವೇ.

ಕೊನೆಗೆ ಒಬ್ಬಳು ಹುಡುಗಿ ಬಾಯಿಬಿಟ್ಟು ಹೇಳದೆ ಒಂದು ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. "ಒಳಗಿನಿಂದ ಚಿಲಕ ಉಂಟೇ? ದೀಪ ಉಂಟೇ? ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಉಂಟೇ?" ಎಂದು ಅದರಲ್ಲಿತ್ತು. ಶಾಲಾ ಪ್ರವಾಸದ ದಿನ ಬೆಳಿಗ್ಗೆಯಿಂದ ನೀರು ಕುಡಿಯದೆ ಬರುವ ಹುಡುಗಿಯರು ಎಷ್ಟು ಮಂದಿ ಎಂಬುದನ್ನು ಅಧ್ಯಾಪಿಕೆಯರು ಬಲ್ಲರು, ಮನೆಯವರೂ ಬಲ್ಲರು. ಆ ಮೂರು ಪ್ರಶ್ನೆಗಳೂ ನಮ್ಮ ಕಾಗದದ ಆ್ಯಪ್‌ನೊಳಗೆ ಸೇರಿದವು.

ಬಣ್ಣ, ಬೆರಳು, ಬಿಸಿಲು

ಅಂತರಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯು ಸುಗಮ್ಯತೆಯ ಸೂತ್ರಗಳನ್ನು ಪ್ರಕಟಿಸಿದೆ. ಅದರ ಈಚಿನ ಆವೃತ್ತಿ 2.2 ಹೊರಬಂದುದು 2023ರ ಅಕ್ಟೋಬರಿನಲ್ಲಿ. ಗ್ರಹಿಸಲು ಸಾಧ್ಯವಾಗಬೇಕು, ನಡೆಸಲು ಸಾಧ್ಯವಾಗಬೇಕು, ಅರ್ಥವಾಗಬೇಕು, ಬೇರೆ ಬೇರೆ ಸಾಧನಗಳಲ್ಲಿ ಕೆಡದೆ ನಿಲ್ಲಬೇಕು ಎಂಬ ನಾಲ್ಕು ತತ್ತ್ವಗಳ ಮೇಲೆ ಅದು ನಿಂತಿದೆ. ತತ್ತ್ವಗಳು ದೊಡ್ಡವಾಗಿ ತೋರಿದರೂ ಸೂತ್ರಗಳು ತೀರ ಪ್ರಾಯೋಗಿಕವಾದವು.

ಮೊದಲನೆಯದು ಅಕ್ಷರ ಮತ್ತು ಹಿನ್ನೆಲೆಗಳ ನಡುವಣ ಬೆಳಕಿನ ಅಂತರ. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಅದು ಕನಿಷ್ಠ 4.5:1ರ ಪ್ರಮಾಣದಲ್ಲಿರಬೇಕು. ಬಿಳಿಯ ಮೇಲೆ ತೆಳು ಬೂದು ಬಣ್ಣದ ಅಕ್ಷರ ತರಗತಿಯಲ್ಲಿ ನಾಜೂಕಾಗಿ ಕಂಡೀತು. ಹೆದ್ದಾರಿಯ ಮಧ್ಯಾಹ್ನದ ಬಿಸಿಲಿನಲ್ಲಿ, ಕಣ್ಣಿನ ಪೊರೆ ಬಂದವರಿಗೆ ಅದು ಕಾಣಿಸುವುದೇ ಇಲ್ಲ.

ಎರಡನೆಯದು, ಬಣ್ಣವೊಂದರಿಂದಲೇ ಅರ್ಥವನ್ನು ಹೇಳಬಾರದು. ಕೆಂಪು, ಹಸಿರುಗಳ ಭೇದ ತಿಳಿಯದ ಕಣ್ಣುಗಳಿರುವವರಿಗೆ ಹಸಿರು ಚುಕ್ಕೆಯೂ ಕೆಂಪು ಚುಕ್ಕೆಯೂ ಒಂದೇ. ಬಣ್ಣದ ಜತೆಗೆ 'ತೆರೆದಿದೆ', 'ಮುಚ್ಚಿದೆ' ಎಂಬ ಮಾತೂ ಇರಬೇಕು.

ಮೂರನೆಯದು, ಮುಟ್ಟಬೇಕಾದ ಗುಂಡಿಯ ಗಾತ್ರ. ಆ್ಯಂಡ್ರಾಯ್ಡ್ ಮೊಬೈಲುಗಳ ಆ್ಯಪ್ ತಯಾರಿಸುವವರಿಗೆ ಕೊಡುವ ಸಲಹೆಯ ಪ್ರಕಾರ ಅದು ಸುಮಾರು 9 ಮಿಲ್ಲಿಮೀಟರಿನ ಚೌಕವಾಗಿರಬೇಕು. ನಡುಗುವ ಬೆರಳಿಗೂ, ತೋಟದ ಕೆಲಸದಿಂದ ಒರಟಾದ ಬೆರಳಿಗೂ ಅಷ್ಟಾದರೂ ಜಾಗ ಬೇಕು.

ನಾಲ್ಕನೆಯದು, ಎರಡು ಬೆರಳುಗಳನ್ನು ಅಗಲಿಸಿ ನಕ್ಷೆಯನ್ನು ಹಿಗ್ಗಿಸುವ, ಎಳೆದು ಸರಿಸುವ ಕ್ರಿಯೆಗಳಿಗೆ ಒಂದೇ ಬೆರಳಿನಿಂದ ಮುಟ್ಟಿ ಮಾಡಬಹುದಾದ ಪರ್ಯಾಯವಿರಬೇಕು. ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡವರಿಗೂ ಇದು ಉಪಕಾರವೇ.

ಇವುಗಳಿಗೆ ನಮ್ಮ ಮಲೆನಾಡಿನಂಚಿನ ಅನುಭವದಿಂದ ಇನ್ನೊಂದನ್ನು ಸೇರಿಸಬೇಕು. ಗುಡ್ಡದ ತಿರುವುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಜಿಲ್ಲೆಯ ಪಟ್ಟಿಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದಾಗಲೂ ಆ್ಯಪ್ ಕೆಲಸಮಾಡಬೇಕು. ಶೌಚಾಲಯ ಹುಡುಕುವವರಿಗೆ ಹೆಸರು ನೋಂದಣಿ, ಒಟಿಪಿ, ಗುಪ್ತಪದಗಳ ಪರೀಕ್ಷೆಯನ್ನೊಡ್ಡುವುದು ಅಮಾನವೀಯವೇ ಸರಿ.

ಊರಿನ ಹೆಸರನ್ನು ಹೇಗೆ ಬರೆಯುವುದು?

ಸಪ್ತಭಾಷಾ ಸಂಗಮಭೂಮಿಯೆನಿಸಿದ ನಮ್ಮ ನಾಡಿನಲ್ಲಿ ಭಾಷೆಯೂ ಒಂದು ಮೆಟ್ಟಿಲು. ನಮ್ಮ ಹಿರಿಯರಲ್ಲಿ ಹಲವರಿಗೆ ಮಲಯಾಳ ಮಾತು ಚೆನ್ನಾಗಿ ತಿಳಿಯುತ್ತದೆ, ಲಿಪಿ ತಿಳಿಯದು. ಕನ್ನಡ ಮಾಧ್ಯಮದಲ್ಲಿ ಓದುವ ಮಗುವೇ ಮನೆಯಲ್ಲಿ ಅಜ್ಜಿಗೆ ಮೊಬೈಲ್ ಓದಿ ಹೇಳುತ್ತದೆ. ಆ್ಯಪ್ ಕನ್ನಡದಲ್ಲಿದ್ದರೆ ಅಜ್ಜಿ ತಾನೇ ಓದಬಹುದು. ಓದಲು ಬಾರದಿದ್ದರೆ ಕನ್ನಡದಲ್ಲೇ ಕೇಳಬಹುದು.

ಆದರೆ ಕನ್ನಡದ ಆವೃತ್ತಿಯೆಂದರೆ ಇಂಗ್ಲಿಷ್ ಪದಗಳನ್ನು ಯಂತ್ರದಿಂದ ಅನುವಾದಿಸಿ ಅಂಟಿಸುವುದಲ್ಲ. ಇಂಗ್ಲಿಷಿನ 'ಕ್ಲೋಸ್' ಎಂಬ ಬರಹಕ್ಕೆ 'ಹತ್ತಿರ' ಎಂದೂ 'ಮುಚ್ಚು' ಎಂದೂ ಅರ್ಥವಿದೆ. ಸನ್ನಿವೇಶ ತಿಳಿಯದ ಅನುವಾದದಲ್ಲಿ ಹತ್ತಿರದ ಶೌಚಾಲಯವು ಮುಚ್ಚಿದ ಶೌಚಾಲಯವಾಗಿ ಬಿಡಬಹುದು. ಕನ್ನಡ ಪದಗಳು ಉದ್ದ. ಇಂಗ್ಲಿಷಿನ ಅಳತೆಗೆ ಮಾಡಿದ ಚೌಕದಲ್ಲಿ 'ಶೌಚಾಲಯ'ದ ಬಾಲ ಕತ್ತರಿಸಿಹೋಗುತ್ತದೆ. ಸಾಲುಗಳ ನಡುವೆ ಎಡೆ ಸಾಲದಿದ್ದರೆ 'ಆಸ್ಪತ್ರೆ'ಯ ಒತ್ತಕ್ಷರಗಳು ಕೆಳಗೆ ಮುಚ್ಚಿಹೋಗುತ್ತವೆ. ಇನ್ನು ಕನ್ನಡ ಬರಹವನ್ನು ಚಿತ್ರವಾಗಿ ಹಾಕಿದರೆ ಅಥವಾ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿಟ್ಟರೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಅಕ್ಷರವೆಂದೇ ತಿಳಿಯುವುದಿಲ್ಲ.

ಹೆಸರುಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಕನ್ನಡಿಗರ ಕುಂಬಳೆ ಫಲಕದಲ್ಲಿ ಕುಂಬ್ಳ, ಮಂಜೇಶ್ವರ ಮಂಜೇಶ್ವರಂ, ನಮ್ಮ ಅಜ್ಜಂದಿರು ಹೊಸದುರ್ಗಕ್ಕೆ ಹೋಗಿಬಂದರೆ ಬಸ್ಸಿನ ಹಲಗೆಯಲ್ಲಿ ಕಾಞಂಗಾಡ್. ಯಾವ ರೂಪವನ್ನು ಬರೆದು ಹುಡುಕಿದರೂ ಆ್ಯಪ್ ಅದೇ ಊರನ್ನು ತೋರಿಸಬೇಕು. ಶೌಚಾಲಯ, ಟಾಯ್ಲೆಟ್, ಕಕ್ಕಸು ಎಂಬ ಪದಗಳಲ್ಲಿ ಯಾವುದನ್ನು ಹೇಳಿದರೂ ಅದಕ್ಕೆ ಅರ್ಥವಾಗಬೇಕು. ಹಿನ್ನೆಲೆಯಲ್ಲಿ ಪರ್ಯಾಯ ಹೆಸರುಗಳ ಒಂದು ಪಟ್ಟಿಯನ್ನಿಟ್ಟರೆ ಸಾಧ್ಯವಾಗುವ ಕೆಲಸವಿದು. ಆ ಪಟ್ಟಿಯನ್ನು ಸರಿಯಾಗಿ ಬರೆದುಕೊಡಬಲ್ಲವರು ಮಾತ್ರ ದೂರದ ನಗರದ ತಂತ್ರಜ್ಞರಲ್ಲ, ಇಲ್ಲಿಯೇ ಹುಟ್ಟಿ ಬೆಳೆದ ನಾವು.

ಕಾನೂನಿನ ಬೆಂಬಲ

ಇದು ಯಾರೋ ತೋರಬೇಕಾದ ದಯೆಯ ವಿಷಯವಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಮಂದಿ ಭಿನ್ನ ಸಾಮರ್ಥ್ಯದವರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಈ ಹಿಂದಿನ 7ರ ಬದಲಿಗೆ 21 ವಿಧದ ವೈಕಲ್ಯಗಳನ್ನು ಗುರುತಿಸಿತು. ಅದರ 42ನೆಯ ಕಲಮು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವು ಎಲ್ಲರಿಗೂ ಬಳಸಲು ಸಾಧ್ಯವಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸರಕಾರದ ಮೇಲೆ ಹೊರಿಸುತ್ತದೆ. ಸುಗಮ್ಯತೆಯ ನಿಯಮಗಳು ಬರಿಯ ಶಿಫಾರಸುಗಳಾಗಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯ ಸಾರಿತು.

ಭಾಷೆಯ ವಿಷಯದಲ್ಲಿಯೂ ನಮಗೆ ಆಧಾರವಿದೆ. 1969ರ ಕೇರಳ ಅಧಿಕೃತ ಭಾಷಾ ಅಧಿನಿಯಮದ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿರುವ ರಾಜ್ಯ ಸರಕಾರದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡಿಗರು ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದು. ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಪತ್ರಕ್ಕೆ ಸಲ್ಲುವ ನ್ಯಾಯ ಇಂದಿನ ದಿನಗಳಲ್ಲಿ ಪರದೆಗೂ ಸಲ್ಲಬೇಕಲ್ಲವೇ? 'ಸುಗಮ್ಯ ಭಾರತ' ಆ್ಯಪನ್ನು ರೂಪಿಸಿದಾಗ ಕನ್ನಡವೂ ಸೇರಿ 10 ಭಾಷೆಗಳಿಗೆ ಎಡೆಗೊಟ್ಟರು. ಅದು ಸಾಧ್ಯವಾಗಿದ್ದರೆ ಇದೂ ಸಾಧ್ಯ.

ಮಾಹಿತಿ ಹಳಸದಿರಲಿ

ಎಷ್ಟು ಸುಂದರವಾಗಿ ರೂಪಿಸಿದರೂ ಆ್ಯಪ್‌ನ ಜೀವವಿರುವುದು ಮಾಹಿತಿಯಲ್ಲಿ. ಇಂದು ತೆರೆದಿದ್ದ ಬಾಗಿಲಿಗೆ ನಾಳೆ ಬೀಗ ಬೀಳಬಹುದು, ಪಂಪು ಕೆಡಬಹುದು. ಆದುದರಿಂದ ಪ್ರತಿಯೊಂದು ದಾಖಲೆಯ ಜತೆಗೆ ಅದನ್ನು ಕೊನೆಯ ಬಾರಿ ಕಣ್ಣಾರೆ ಕಂಡ ದಿನಾಂಕ ಇರಬೇಕೆಂದು ನಮ್ಮ ಮಕ್ಕಳು ತೀರ್ಮಾನಿಸಿದರು. ಕೆಳಗೆ ಒಂದು ದೊಡ್ಡ ಗುಂಡಿ: "ಇಲ್ಲಿ ಹೇಳಿದಂತೆ ಇಲ್ಲ." ಅದನ್ನು ಮುಟ್ಟಿದವರಿಗೆ ಮೂರೇ ಆಯ್ಕೆಗಳು: ಬೀಗ ಹಾಕಿದೆ, ನೀರಿಲ್ಲ, ಒಳಹೋಗಲಾಗದು. ಉದ್ದನೆಯ ದೂರು ಬರೆಯಲು ಆ ಹೊತ್ತಿನಲ್ಲಿ ಯಾರಿಗೂ ತಾಳ್ಮೆಯಿರುವುದಿಲ್ಲ.

ಮಕ್ಕಳು ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಇಲ್ಲಿ ಕೊಡುತ್ತಿದ್ದೇನೆ. ಪೋಷಕರು ತಮ್ಮ ಮಕ್ಕಳೊಂದಿಗೆ, ತಮ್ಮೂರಿನ ಬಸ್ ನಿಲ್ದಾಣ, ಆಸ್ಪತ್ರೆ, ಪಂಚಾಯತ್ ಕಚೇರಿ, ದೇವಸ್ಥಾನ, ಮಸೀದಿ, ಇಗರ್ಜಿಗಳ ಪರಿಸರದಲ್ಲಿರುವ ಸೌಲಭ್ಯಗಳನ್ನು ನೋಡಿ ಇದನ್ನು ತುಂಬಿಸಬಹುದು.

1. ಬಾಗಿಲು ಯಾವ ವೇಳೆಗೆ ತೆರೆದಿರುತ್ತದೆ? ಕೀಲಿಕೈ ಯಾರಲ್ಲಿದೆ?
2. ಮೆಟ್ಟಿಲುಗಳು ಎಷ್ಟು? ಹಿಡಿಕಂಬಿ ಇದೆಯೇ? ಇಳಿಜಾರು ದಾರಿ ಇದೆಯೇ?
3. ಬಾಗಿಲಿನ ಅಗಲ ಎಷ್ಟು ಸೆಂಟಿಮೀಟರ್?
4. ಒಳಗೆ ಗಾಲಿಕುರ್ಚಿ ತಿರುಗಲು ಜಾಗವಿದೆಯೇ?
5. ಕಮೋಡ್ ಇದೆಯೇ, ಕುಕ್ಕರುಗಾಲಿನಲ್ಲಿ ಕೂರುವ ರೀತಿಯದೇ?
6. ನೀರು, ದೀಪ, ಒಳಗಿನ ಚಿಲಕ ಸರಿಯಾಗಿವೆಯೇ?
7. ಮುಚ್ಚಳದ ಕಸದ ಬುಟ್ಟಿ ಇದೆಯೇ?
8. ಮಗುವನ್ನು ಅಥವಾ ದೊಡ್ಡವರನ್ನು ಮಲಗಿಸಿ ಬಟ್ಟೆ ಬದಲಿಸಲು ಸ್ಥಳವಿದೆಯೇ? ಜತೆಗಿರುವವರು ಒಳಬರಬಹುದೇ?
9. ಶುಲ್ಕವೆಷ್ಟು?
10. ಫಲಕ ಯಾವ ಯಾವ ಭಾಷೆಗಳಲ್ಲಿದೆ?
11. ನೋಡಿದ ದಿನಾಂಕ.

ಹೀಗೆ ತುಂಬಿಸಿದ ಹಾಳೆಗಳನ್ನು ಕನ್ನಡದಲ್ಲಿಯೇ ಸ್ಥಳೀಯಾಡಳಿತಕ್ಕೂ ಸಂಬಂಧಪಟ್ಟ ಇಲಾಖೆಗೂ ಸಲ್ಲಿಸಬಹುದು. ಸೌಲಭ್ಯಗಳ ಆ್ಯಪನ್ನು ಹೊಸದಾಗಿ ರೂಪಿಸುವವರು ಯಾರೇ ಇರಲಿ, ಅವರ ಕೈಗೆ ಸಿಗಬೇಕಾದ ಮೊದಲ ಸಾಮಗ್ರಿ ಇದು. ಶಾಲೆಗೂ ಇದು ಒಳ್ಳೆಯ ಪಾಠ. ಅಳತೆಪಟ್ಟಿ ಹಿಡಿದು ಬಾಗಿಲು ಅಳೆಯುವ ಮಗು ಗಣಿತವನ್ನೂ ಕಲಿಯುತ್ತದೆ, ಆ ಬಾಗಿಲ ಹೊರಗೆ ಉಳಿದವರು ಯಾರೆಂಬುದನ್ನೂ ಕಲಿಯುತ್ತದೆ.

ನಮ್ಮ ಶಾಲೆಯ ಮಕ್ಕಳು ಈವರೆಗೆ ಒಂಬತ್ತು ಶೌಚಾಲಯಗಳನ್ನು ನೋಡಿ ಬರೆದಿದ್ದಾರೆ. ಮುಂದಿನ ತಿಂಗಳು ಅಮ್ಮನನ್ನು ಪುನಃ ಆಸ್ಪತ್ರೆಗೆ ಕರೆದೊಯ್ಯಬೇಕು. ಮಕ್ಕಳ ಹಾಳೆಗಳಲ್ಲಿ ಮೆಟ್ಟಿಲಿಲ್ಲದ, ಕಮೋಡ್ ಇರುವ, ಬೆಳಿಗ್ಗೆಯೇ ತೆರೆಯುವ ಒಂದು ಸ್ಥಳ ನಮ್ಮ ದಾರಿಯಲ್ಲಿಯೇ ಇದೆ. ಮೊನ್ನೆ ಅದನ್ನು ಅಮ್ಮನಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: "ಮಕ್ಕಳು ಅದನ್ನು ನೋಡಿದ್ದು ಯಾವ ದಿನ?"